ಷಡ್ಡಕನ ಮಾತು ಕೇಳಿ ಹಾಕಿದ ಸಹಿ: ಬಸ್ಟರ್ ಕೀಟನ್ ಪ್ರಕರಣ

1928ರಲ್ಲಿ ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಒಂದು ಕಾಗದಕ್ಕೆ ಸಹಿ ಹಾಕಿದ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ಜೊತೆ ಒಪ್ಪಂದ. ವಾರಕ್ಕೆ 3000 ಡಾಲರ್ ಸಂಬಳ. ಅವನಿಗಾಗ 32 ವರ್ಷ. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಸ್ಟುಡಿಯೋ ಅವನನ್ನು ಕೆಲಸದಿಂದ ತೆಗೆಯಿತು. ಇನ್ನೊಂದು ನಾಲ್ಕು ವರ್ಷಕ್ಕೆ ಅವನು ಅದೇ ಗೇಟಿನೊಳಗೆ ಮತ್ತೆ ಹೋದ. ಈ ಸಲ ವಾರಕ್ಕೆ 100 ಡಾಲರ್. ಕೆಲಸ ಏನು ಅಂದರೆ ಬೇರೆ ನಟರ ಸಿನಿಮಾಗೆ ನಗೆಯ ಐಡಿಯಾ ಹೇಳಿಕೊಡುವುದು.

ಯಾಕೆ ಹೀಗಾಯಿತು ಅಂತ ಕೇಳಿದರೆ ಥಟ್ಟನೆ ಎರಡು ಉತ್ತರ ಬರುತ್ತವೆ. ಸಿನಿಮಾಗೆ ಮಾತು ಬಂತು, ಮೂಕಿ ನಟನ ಕಥೆ ಮುಗಿಯಿತು ಅನ್ನುವುದು ಒಂದು. ಕುಡಿದು ಹಾಳಾದ ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಹುರುಳಿದೆ. ಆದರೆ ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡೂ ಸರಿಯಾಗಿ ಕೂರುವುದಿಲ್ಲ. ಕೀಟನ್‌ನ ಹಾಸ್ಯ ಹುಟ್ಟುತ್ತಿದ್ದ ರೀತಿಯೇ ಬೇರೆ, ಅದಕ್ಕೆ ಆ ಸ್ಟುಡಿಯೋದಲ್ಲಿ ಜಾಗ ಇರಲಿಲ್ಲ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಯಾಕೆಂದರೆ ದುಡ್ಡು ಬರುತ್ತಲೇ ಇತ್ತು.

ಬೆನ್ನಿಗೆ ಹೊಲಿದ ಹಿಡಿ

ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪೀಕ್ವಾ ಅನ್ನುವ ಸಣ್ಣ ಊರಿನಲ್ಲಿ. ಅದು ಅವರ ಊರೇನೂ ಅಲ್ಲ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ಸುತ್ತಿ ಪ್ರದರ್ಶನ ಕೊಡುವವರು. ದಾರಿಯಲ್ಲಿ ಹೆರಿಗೆ ಆಯಿತು, ಅಷ್ಟೇ. ಇಟ್ಟ ಹೆಸರು ಜೋಸೆಫ್ ಫ್ರಾಂಕ್. ಬಸ್ಟರ್ ಅನ್ನುವುದು ಆಮೇಲೆ ಅಂಟಿಕೊಂಡ ಹೆಸರು.

ಐದು ವರ್ಷದ ಆಸುಪಾಸಿನಲ್ಲೇ ಹುಡುಗ ರಂಗದ ಮೇಲಿದ್ದ. ಆಟ ಏನು ಗೊತ್ತಾ? ಮಗ ಅಪ್ಪನಿಗೆ ಕೀಟಲೆ ಮಾಡಬೇಕು, ಅಪ್ಪ ಅವನನ್ನು ಎತ್ತಿ ಎಸೆಯಬೇಕು. ಪರದೆಯ ಮೇಲೆ, ಹಿನ್ನೆಲೆಯ ಸೆಟ್ ಮೇಲೆ, ಕೆಲವೊಮ್ಮೆ ಮುಂದೆ ಕೂತ ವಾದ್ಯದವರ ಮಧ್ಯಕ್ಕೇ. ಎಸೆಯಲು ಸುಲಭ ಆಗಲಿ ಅಂತ ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಯೊಂದನ್ನು ಹೊಲಿದಿದ್ದರು. ನ್ಯೂಯಾರ್ಕಿನಲ್ಲಿ ಮಕ್ಕಳ ರಕ್ಷಣೆಯ ಸಂಘದವರು ಈ ಆಟದ ಹಿಂದೆ ಬಿದ್ದಿದ್ದು ಸುಮ್ನೆ ಅಲ್ಲ.

ಆ ವಯಸ್ಸಿನಲ್ಲೇ ಅವನು ಎರಡು ಪಾಠ ಕಲಿತ. ಪೆಟ್ಟಾಗದ ಹಾಗೆ ಬೀಳುವುದು ಒಂದು. ಬಿದ್ದು ಎದ್ದ ಮೇಲೆ ತಾನು ನಕ್ಕರೆ ಜನ ನಗುವುದಿಲ್ಲ, ಮುಖ ಕಲ್ಲಿನ ಹಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಾರೆ ಅನ್ನುವುದು ಎರಡನೆಯದು. ಮುಂದೆ ಜಗತ್ತು ಗುರುತಿಸಿದ ಆ ನಗದ ಮುಖ ಯಾವ ಚಿಂತನೆಯಿಂದಲೂ ಬಂದದ್ದಲ್ಲ. ದಿನಾ ಎರಡು ಆಟ ಆಡಿ, ಯಾವುದಕ್ಕೆ ಚಪ್ಪಾಳೆ ಬೀಳುತ್ತದೆ ಅಂತ ನೋಡಿ ನೋಡಿ ಬಂದದ್ದು.

ಅಪ್ಪನ ಕುಡಿತ ಮಿತಿಮೀರಿದಾಗ, ಎಸೆಯುವ ಕೈ ನಡುಗತೊಡಗಿದಾಗ, 1917ರಲ್ಲಿ ಆಟ ಮುರಿಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ದಪ್ಪ ಮೈಯ ಹಾಸ್ಯನಟ ರಾಸ್ಕೋ ಆರ್ಬಕಲ್ ಅವನನ್ನು ಸ್ಟುಡಿಯೋಗೆ ಕರೆದ. ಕೀಟನ್ ಹೋದವನೇ ಮಾಡಿದ ಕೆಲಸ ಕ್ಯಾಮೆರಾ ಬಿಚ್ಚಿ ನೋಡಿದ್ದು. ಒಳಗೆ ಫಿಲ್ಮ್ ಹೇಗೆ ಓಡುತ್ತದೆ, ಹಲ್ಲಿನ ಚಕ್ರ ಎಲ್ಲಿದೆ ಅಂತ. ಅವನಿಗೆ ಸಿನಿಮಾ ಅಂದರೆ ಮೊದಲು ಒಂದು ಯಂತ್ರ. ಕಥೆ ಗಿತೆ ಆಮೇಲೆ.

ಮೊದಲು ಹಡಗು, ಆಮೇಲೆ ಕಥೆ

1920ರಿಂದ 1928ರವರೆಗೆ ಕೀಟನ್‌ಗೆ ತನ್ನದೇ ಯೂನಿಟ್ ಇತ್ತು. ಈ ಎಂಟು ವರ್ಷ ಅವರು ಹೇಗೆ ಕೆಲಸ ಮಾಡಿದರು ಅನ್ನುವುದೇ ಈ ಪ್ರಕರಣದ ತಿರುಳು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬರೆದ ಚಿತ್ರಕಥೆ ಇರುತ್ತಿರಲಿಲ್ಲ. ಕ್ಲೈಡ್ ಬ್ರಕ್‌ಮನ್, ಜೀನ್ ಹಾವೆಜ್, ಜೋ ಮಿಚೆಲ್ ಇಂಥ ಮೂರು ನಾಲ್ಕು ಜನ ಕೂತು ಹರಟೆ ಹೊಡೆಯುವುದು. ಇವರನ್ನು ಗ್ಯಾಗ್‌ಮನ್ ಅನ್ನುತ್ತಿದ್ದರು. ಗ್ಯಾಗ್ ಅಂದರೆ ಮಾತಿಲ್ಲದೆ ನಗೆ ಹುಟ್ಟಿಸುವ ಒಂದು ಪುಟ್ಟ ಕರಾಮತ್ತು. ಶುರು ಹೇಗೆ, ಕೊನೆ ಹೇಗೆ ಅಂತ ಗೊತ್ತಾದರೆ ಸಾಕು. ನಡುವಿನದು ತಾನಾಗೇ ಬರುತ್ತದೆ ಅನ್ನುವ ನಂಬಿಕೆ. ಬರಲಿಲ್ಲ ಅಂದರೆ? ಶೂಟಿಂಗ್ ನಿಲ್ಲಿಸಿ ಎಲ್ಲರೂ ಹೊರಗೆ ಹೋಗಿ ಬೇಸ್‌ಬಾಲ್ ಆಡುತ್ತಿದ್ದರು. ಆಟದ ಮಧ್ಯೆ ಯಾರಿಗಾದರೂ ಏನಾದರೂ ಹೊಳೆದರೆ ಬ್ಯಾಟ್ ಬಿಸಾಕಿ ಮತ್ತೆ ಸೆಟ್ಟಿಗೆ.

1924ರ 'ದಿ ನ್ಯಾವಿಗೇಟರ್' ಹುಟ್ಟಿದ್ದು ಹೀಗೆ: ಯೂನಿಟ್‌ನ ತಂತ್ರಜ್ಞ ಫ್ರೆಡ್ ಗಬೂರಿ ಯಾವುದೋ ಬೇರೆ ಸಿನಿಮಾಗಾಗಿ ಹಡಗು ಹುಡುಕುತ್ತಿದ್ದ. ಗುಜರಿಗೆ ಹೋಗಲಿದ್ದ ಒಂದು ದೊಡ್ಡ ಪ್ರಯಾಣಿಕರ ಹಡಗು ಅವನ ಕಣ್ಣಿಗೆ ಬಿತ್ತು. ಬಂದು ಹೇಳಿದ. ಕೀಟನ್ ಬಾಡಿಗೆಗೆ ಹಿಡಿದ. ಹಡಗು ಕೈಗೆ ಬಂದ ಮೇಲೆ ಎಲ್ಲರೂ ಕೂತು ಯೋಚಿಸಿದರು, ಇದರಲ್ಲಿ ಏನು ಮಾಡೋಣ ಅಂತ. ಆ ವರೆಗಿನ ಅವನ ಚಿತ್ರಗಳಲ್ಲಿ ಜಾಸ್ತಿ ದುಡ್ಡು ಮಾಡಿದ ಚಿತ್ರ ಅದು.

ಮರುವರ್ಷದ 'ಸೆವೆನ್ ಚಾನ್ಸಸ್' ಇನ್ನೂ ಚೆನ್ನಾಗಿದೆ. ಸಿನಿಮಾ ಮುಗಿಸಿ ಜನರಿಗೆ ತೋರಿಸಿದರು. ಕೊನೆಯ ಓಟದಲ್ಲಿ ಕೀಟನ್ ಬೆಟ್ಟ ಇಳಿಯುವಾಗ ಅವನ ಕಾಲಿಗೆ ತಾಗಿ ಎರಡು ಮೂರು ಕಲ್ಲು ಹಿಂದೆ ಉರುಳಿ ಬರುತ್ತವೆ. ಬೇಕಂತ ಮಾಡಿದ್ದಲ್ಲ. ಚಿತ್ರಮಂದಿರದಲ್ಲಿ ಜನ ಅದಕ್ಕೇ ನಕ್ಕರು. ಯೂನಿಟ್ ವಾಪಸ್ ಹೋಯಿತು. ಟೊಳ್ಳು ಬಂಡೆಗಳನ್ನು ಮಾಡಿಸಿದರು, ಕೀಟನ್ ಹೇಳುವ ಲೆಕ್ಕದಲ್ಲಿ 1500, ಮುಷ್ಟಿಯಷ್ಟರಿಂದ ಆಳೆತ್ತರದವರೆಗೆ. ಇಡೀ ಗುಡ್ಡವೇ ಅವನನ್ನು ಅಟ್ಟಿಸಿಕೊಂಡು ಬರುವ ಆ ದೃಶ್ಯವನ್ನು ಇವತ್ತಿಗೂ ಜನ ಹುಡುಕಿ ನೋಡುತ್ತಾರೆ. ಮುಗಿದ ಸಿನಿಮಾವನ್ನು ಬಿಚ್ಚಿ, ಆಕಸ್ಮಿಕಕ್ಕೆ ಬಂದ ನಗುವಿನ ಹಿಂದೆ ಹೋಗುವ ಪುರುಸೊತ್ತು ಅವರಿಗಿತ್ತು.

ಇದರ ಅರ್ಥ ಕೆಲಸ ಸಡಿಲ ಅಂತಲ್ಲ. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದ ಬಿರುಗಾಳಿ ನೋಡಿ. ಕೀಟನ್ ಬೀದಿಯಲ್ಲಿ ನಿಂತಿದ್ದಾನೆ, ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದಾನೆ. ಹಿಂದಿನ ಎರಡಂತಸ್ತಿನ ಮನೆಯ ಮುಂಗೋಡೆ ಪೂರ್ತಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿಯ ಜಾಗ ಸರಿಯಾಗಿ ಅವನು ನಿಂತ ಕಡೆಗೆ ಬರುತ್ತದೆ. ಧೂಳು ಏಳುತ್ತದೆ. ಅವನು ನಿಂತಲ್ಲೇ ನಿಂತಿದ್ದಾನೆ. ಗೋಡೆ ನಿಜವಾದದ್ದು, ಭಾರದ್ದು. ಹಗುರ ಇದ್ದರೆ ಬೀಳುವಾಗ ಬಾಗಿ ಲೆಕ್ಕ ತಪ್ಪುತ್ತಿತ್ತು. ಕಿಟಕಿಗೂ ಅವನ ಮೈಗೂ ಕೆಲವೇ ಇಂಚು ಅಂತರ. ಅವನ ಕಾಲಿಡುವ ಜಾಗವನ್ನು ಅಳೆದು ಗುರುತು ಹಾಕಿದ್ದರು. ಒಂದೇ ಶಾಟ್, ಎರಡನೇ ಅವಕಾಶ ಇಲ್ಲ. ಅವತ್ತು ಸೆಟ್ಟಿನಲ್ಲಿದ್ದ ಕೆಲವರು ಮುಖ ತಿರುಗಿಸಿ ನಿಂತಿದ್ದರಂತೆ.

ಇಂಥ ಶಾಟನ್ನು ಕಾಗದದ ಮೇಲೆ ಬರೆದರೆ ಒಂದು ಸಾಲು: ಗೋಡೆ ಬೀಳುತ್ತದೆ, ಅವನು ಬದುಕುತ್ತಾನೆ. ಓದಿದವರಿಗೆ ನಗುವೂ ಬರುವುದಿಲ್ಲ, ಭಯವೂ ಆಗುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೆಸರು ಇವನದು, ಕಂಪನಿ ಇನ್ನೊಬ್ಬರದು

ಅಷ್ಟು ಸ್ವಾತಂತ್ರ್ಯ ಇದ್ದವನು ಅದನ್ನು ಬಿಟ್ಟುಕೊಟ್ಟದ್ದು ಹೇಗೆ? ನಿಜ ಹೇಳಬೇಕೆಂದರೆ ಆ ಸ್ವಾತಂತ್ರ್ಯ ಅವನದಾಗಿರಲೇ ಇಲ್ಲ.

ಯೂನಿಟ್ ನಡೆಸುತ್ತಿದ್ದ ನಿರ್ಮಾಪಕ ಜೋಸೆಫ್ ಶೆಂಕ್. 1921ರಲ್ಲಿ ಕೀಟನ್ ಮದುವೆಯಾದದ್ದು ನಟಾಲಿ ಟಾಲ್ಮಜ್‌ಳನ್ನು. ಅವಳ ಅಕ್ಕ, ದೊಡ್ಡ ತಾರೆ ನಾರ್ಮಾ ಟಾಲ್ಮಜ್, ಶೆಂಕ್‌ನ ಹೆಂಡತಿ. ನಮ್ಮ ಲೆಕ್ಕದಲ್ಲಿ ಶೆಂಕ್ ಷಡ್ಡಕ. ಮನೆಯವನೇ ಅಂದ ಮೇಲೆ ಕಾಗದ ಪತ್ರ ಯಾರು ನೋಡುತ್ತಾರೆ? ಕಂಪನಿಯ ಬೋರ್ಡಿನ ಮೇಲೆ ಕೀಟನ್ ಹೆಸರಿತ್ತು. ಷೇರು ಒಂದೂ ಅವನದಲ್ಲ. ಅವನಿಗೆ ಬರುತ್ತಿದ್ದದ್ದು ಸಂಬಳ, ಜೊತೆಗೆ ಲಾಭದಲ್ಲಿ ಪಾಲು. ಸಿನಿಮಾಗಳ ಹಕ್ಕು ಕೂಡ ಅವನ ಕೈಯಲ್ಲಿರಲಿಲ್ಲ.

ಅದೇ ಕಾಲದ ಉಳಿದಿಬ್ಬರನ್ನು ನೋಡಿ. ಚಾಪ್ಲಿನ್ 1919ರಲ್ಲೇ ಮೂವರ ಜೊತೆ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಕಟ್ಟಿದ್ದ. ಸ್ವಂತ ಸ್ಟುಡಿಯೋ ಇತ್ತು. ಟಾಕಿ ಬಂದು ವರ್ಷಗಳಾದ ಮೇಲೂ, 1931ರಲ್ಲಿ, ಹಟ ಹಿಡಿದು ಮಾತಿಲ್ಲದ ಚಿತ್ರ ತೆಗೆದು ಗೆದ್ದ. ತಡೆಯುವವರು ಯಾರೂ ಇರಲಿಲ್ಲ ನೋಡಿ. ಹೆರಾಲ್ಡ್ ಲಾಯ್ಡ್ ತನ್ನ ಚಿತ್ರಗಳನ್ನು ತಾನೇ ನಿರ್ಮಿಸಿ, ಹಕ್ಕು ಇಟ್ಟುಕೊಂಡು, ಕೊನೆಯವರೆಗೂ ಶ್ರೀಮಂತನಾಗೇ ಇದ್ದ. ಪ್ರತಿಭೆಯಲ್ಲಿ ಕೀಟನ್ ಇವರಿಗೆ ಏನೂ ಕಡಿಮೆ ಇಲ್ಲ. ಕ್ಯಾಮೆರಾದ ಕೆಲಸದಲ್ಲಿ ಇಬ್ಬರಿಗಿಂತಲೂ ಒಂದು ಕೈ ಮೇಲು ಅಂತಲೇ ನನ್ನ ಅನಿಸಿಕೆ. ವ್ಯವಹಾರ ಮಾತ್ರ ಸೊನ್ನೆ.

ಅಷ್ಟರಲ್ಲಿ ಗಲ್ಲಾಪೆಟ್ಟಿಗೆ ಕೈಕೊಟ್ಟಿತು. 'ದಿ ಜನರಲ್' ಅವನು ಜೀವ ಕೊಟ್ಟು ಮಾಡಿದ ಚಿತ್ರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ನಿಜವಾಗಿ ನಡೆದ ರೈಲು ಕಳವಿನ ಘಟನೆ. ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್‌ನಲ್ಲಿ ಶೂಟಿಂಗ್. ನಿಜವಾದ ಉಗಿಬಂಡಿಯನ್ನೇ ಉರಿಯುವ ಸೇತುವೆಯ ಮೇಲಿಂದ ನದಿಗೆ ಬೀಳಿಸಿದರು. ಆ ಇಂಜಿನ್ ಎರಡನೇ ಮಹಾಯುದ್ಧದಲ್ಲಿ ಕಬ್ಬಿಣಕ್ಕೆ ಬರ ಬರುವವರೆಗೂ ಅಲ್ಲೇ ಬಿದ್ದಿತ್ತು. ಖರ್ಚು ಸುಮಾರು 7.5 ಲಕ್ಷ ಡಾಲರ್ ಅನ್ನುತ್ತಾರೆ. ಅಮೆರಿಕದಲ್ಲಿ ಬಂದದ್ದು 4 ಲಕ್ಷ 74 ಸಾವಿರ. ವಿಮರ್ಶಕರೂ ಮೂಗು ಮುರಿದರು. ಈಗ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಇದೇ ಇರುತ್ತದೆ, ಆ ಮಾತು ಬೇರೆ. ನಂತರದ ಎರಡು ಚಿತ್ರಗಳೂ ಅಷ್ಟಾಗಿ ಓಡಲಿಲ್ಲ.

ಶೆಂಕ್ ಯೂನಿಟ್ ಮುಚ್ಚಲು ನಿರ್ಧರಿಸಿದ. ಕೀಟನ್‌ನನ್ನು ಎಂಜಿಎಂಗೆ ಹೋಗು ಅಂದ. ಎಂಜಿಎಂನ ತಾಯಿ ಕಂಪನಿ ಲೋಸ್‌ನ ಅಧ್ಯಕ್ಷ ಯಾರು? ನಿಕೋಲಸ್ ಶೆಂಕ್, ಷಡ್ಡಕನ ತಮ್ಮ. ಎಲ್ಲಾ ಮನೆಯೊಳಗಿನದೇ ವ್ಯವಹಾರ. ಬೇಡ, ಅಲ್ಲಿಗೆ ಹೋದರೆ ನಿನ್ನನ್ನು ಹತ್ತು ಜನ ಸೇರಿ ಹಾಳು ಮಾಡುತ್ತಾರೆ ಅನ್ನುವ ಅರ್ಥದಲ್ಲಿ ಚಾಪ್ಲಿನ್ ಎಚ್ಚರಿಸಿದ. ಲಾಯ್ಡ್ ಕೂಡ ಅದನ್ನೇ ಹೇಳಿದ. ಕೀಟನ್ ಷಡ್ಡಕನ ಮಾತು ಕೇಳಿದ. ಮುಂದೆ ತನ್ನ ಆತ್ಮಕಥೆಯಲ್ಲಿ ಅದನ್ನು ಬದುಕಿನ ಅತಿ ದೊಡ್ಡ ತಪ್ಪು ಅಂತ ತಾನೇ ಬರೆದುಕೊಂಡ. ಶೆಂಕ್ ಮೋಸ ಮಾಡಿದ ಅಂತ ಮಾತ್ರ ಅವನು ಎಲ್ಲೂ ದೂರಲಿಲ್ಲ. ನನಗೂ ಮೋಸ ಅನ್ನಿಸುವುದಿಲ್ಲ. ದುಡ್ಡು ಹಾಕಿದವನು ನಷ್ಟ ಬಂದಾಗ ಬಾಗಿಲು ಹಾಕಿದ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಎಂಜಿಎಂ ಒಳಗೆ

ಎಂಜಿಎಂ ಆ ಕಾಲದ ಅತ್ಯಂತ ಅಚ್ಚುಕಟ್ಟಾದ ಸ್ಟುಡಿಯೋ. ಕಥೆಗೊಂದು ವಿಭಾಗ, ಬಟ್ಟೆಗೊಂದು, ಸೆಟ್ಟಿಗೊಂದು. ಮೊದಲು ಕಥೆ ಟೈಪ್ ಆಗಬೇಕು. ಮೇಲಿನವರು ಒಪ್ಪಬೇಕು. ಬಜೆಟ್ ಆಗಬೇಕು. ಆಮೇಲೆ ಕ್ಯಾಮೆರಾ ತಿರುಗಬೇಕು. ನಾಟಕೀಯ ಕಥೆಗಳಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇರಲಿಲ್ಲ. ಆದರೆ ಗೋಡೆ ಬೀಳುವ ಆ ಒಂದು ಸಾಲನ್ನು ಇಲ್ಲಿ ಯಾರು ಒಪ್ಪಬೇಕು? ಹಡಗು ಬಾಡಿಗೆಗೆ ಹಿಡಿದಿದ್ದೇನೆ, ಕಥೆ ಇನ್ನೂ ಗೊತ್ತಿಲ್ಲ ಅಂದರೆ ಯಾವ ಗುಮಾಸ್ತ ಚೀಟಿಗೆ ಸಹಿ ಹಾಕುತ್ತಾನೆ?

ಮೊದಲ ಚಿತ್ರ 'ದಿ ಕ್ಯಾಮೆರಾಮನ್', 1928. ಸುದ್ದಿಚಿತ್ರ ತೆಗೆಯುವ ಕೆಲಸಕ್ಕೆ ಸೇರಲು ಒದ್ದಾಡುವ ಹುಡುಗನ ಕಥೆ. ಸ್ಟುಡಿಯೋದ ಬರಹಗಾರರು ಸೇರಿ ಅದಕ್ಕೆ ಒಂದರ ಮೇಲೊಂದು ಪಾತ್ರ, ಉಪಕಥೆ ತುಂಬಿದರು. ನ್ಯೂಯಾರ್ಕಿಗೆ ಹೋಗಿ ಬೀದಿಯಲ್ಲಿ ಶೂಟಿಂಗ್ ಶುರು ಮಾಡಿದರೆ ಜನ ಕೀಟನ್‌ನನ್ನು ಗುರುತು ಹಿಡಿದು ಮುತ್ತಿದರು, ರಸ್ತೆಯೇ ಕಟ್ಟಿಹೋಯಿತು. ಕೆಲಸ ಸಾಗಲಿಲ್ಲ. ಹೋಟೆಲಿನಿಂದ ಅವನು ನಿರ್ಮಾಣದ ಮುಖ್ಯಸ್ಥ ಇರ್ವಿಂಗ್ ಥಾಲ್‌ಬರ್ಗ್‌ಗೆ ಫೋನ್ ಮಾಡಿ ಈ ಚಿತ್ರಕಥೆಯನ್ನು ಬಿಸಾಡಲು ಬಿಡಿ ಅಂತ ಕೇಳಿದ. ಥಾಲ್‌ಬರ್ಗ್ ಹೂಂ ಅಂದ.

ಆ ಒಂದು 'ಹೂಂ'ನಿಂದ ಏನು ಬಂತು ಅಂತ ನೋಡಬೇಕಾದರೆ ಈಜುಕೊಳದ ದೃಶ್ಯ ನೋಡಿ. ಬಟ್ಟೆ ಬದಲಿಸುವ ಪುಟ್ಟ ಗೂಡು. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಅದರೊಳಗೆ ಕೀಟನ್, ಜೊತೆಗೆ ಸಿಡುಕು ಮುಖದ ದಪ್ಪ ಮನುಷ್ಯ. ಇಬ್ಬರೂ ಒಟ್ಟಿಗೆ ಅಂಗಿ ಪ್ಯಾಂಟು ಬಿಚ್ಚಬೇಕು. ಇವನ ಕೈ ಅವನ ತೋಳಿನಲ್ಲಿ, ಅವನ ತಲೆ ಇವನ ಕಂಕುಳಲ್ಲಿ. ಸಸ್ಪೆಂಡರ್ ಪಟ್ಟಿ ಯಾರದು ಅಂತಲೇ ಗೊತ್ತಾಗದೆ ಎಳೆದಾಡುತ್ತಾರೆ. ಕ್ಯಾಮೆರಾ ಅಲ್ಲಾಡದೆ ನೋಡುತ್ತಿರುತ್ತದೆ. ಆ ಇನ್ನೊಬ್ಬ ನಟನೂ ಅಲ್ಲ, ಯೂನಿಟ್‌ನ ಮ್ಯಾನೇಜರ್ ಎಡ್ ಬ್ರೋಫಿ. ಮುಖ ಚೆನ್ನಾಗಿದೆ ಅಂತ ಎಳೆದು ಒಳಗೆ ನಿಲ್ಲಿಸಿದರು. ಮುಂದೆ ಅವನು ನಟನಾಗೇ ಉಳಿದ. ಇದು ಹಳೆಯ ಯೂನಿಟ್‌ನ ರೀತಿ, ಎಂಜಿಎಂ ಗೋಡೆಯೊಳಗೆ ಕಡೆಯ ಸಲ.

ಚಿತ್ರ ಗೆದ್ದಿತು. ತಮಾಷೆ ನೋಡಿ: ಕೀಟನ್ ಹೇಳುವ ಪ್ರಕಾರ ಎಂಜಿಎಂ ಅದನ್ನು ವರ್ಷಗಟ್ಟಲೆ ಹೊಸ ಹಾಸ್ಯ ಬರಹಗಾರರಿಗೆ ಪಾಠದ ಹಾಗೆ ತೋರಿಸುತ್ತಿತ್ತು. ಅದು ಹುಟ್ಟಿದ ರೀತಿಯಲ್ಲಿ ಇನ್ನೊಂದು ಚಿತ್ರ ಮಾಡಲು ಮಾತ್ರ ಬಿಡಲಿಲ್ಲ. ಅವನ ಜೊತೆಗಿದ್ದ ಹಳೆಯ ತಂಡ ಚದುರಿಹೋಯಿತು. 1929ರ 'ಸ್ಪೈಟ್ ಮ್ಯಾರೇಜ್'ನಲ್ಲಿ ಕುಡಿದು ಮೈಮೇಲೆ ಪ್ರಜ್ಞೆ ಇಲ್ಲದ ಹೆಂಡತಿಯನ್ನು ಹಾಸಿಗೆಗೆ ಸೇರಿಸಲು ಅವನು ಪಡುವ ಪಾಡಿನ ದೃಶ್ಯವಿದೆ. ಇಡೀ ಚಿತ್ರದಲ್ಲಿ ನೆನಪಿರುವುದು ಅದೊಂದೇ. ಮೇಲ್ವಿಚಾರಕನಿಗೆ ಅದನ್ನೇ ಕತ್ತರಿಸುವ ಮನಸ್ಸು. ಉಳಿಸಿಕೊಳ್ಳಲು ಕೀಟನ್ ಜಗಳ ಆಡಬೇಕಾಯಿತು.

ಈಗ ಮಾತಿನ ವಿಚಾರಕ್ಕೆ ಬರೋಣ. ಧ್ವನಿ ಅವನನ್ನು ಮುಗಿಸಿತು ಅನ್ನುವುದು ಯಾಕೆ ಕೂರುವುದಿಲ್ಲ ಅಂದರೆ, 'ಸ್ಪೈಟ್ ಮ್ಯಾರೇಜ್' ಚಿತ್ರವನ್ನು ಟಾಕಿ ಮಾಡೋಣ ಅಂತ ಕೇಳಿದವನು ಕೀಟನ್ನೇ. ಸ್ಟುಡಿಯೋ ಒಪ್ಪಲಿಲ್ಲ. ಅವನು ರಂಗದ ಮೇಲೆ ಬೆಳೆದವನು. ಧ್ವನಿ ಗಡಸು, ತೂಕದ್ದು, ಆ ಮುಖಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸದ್ದು ಇರಲಿ, ಮಾತು ಬೇಕಾದಲ್ಲಿ ಮಾತ್ರ ಇರಲಿ ಅನ್ನುವುದು ಅವನ ವಾದ. ಸ್ಟುಡಿಯೋಗೆ ಬೇಕಿದ್ದದ್ದು ಬರೀ ಮಾತು. ಪಂಚ್ ಮೇಲೆ ಪಂಚ್. ಸಾಲದ್ದಕ್ಕೆ ಹೊರದೇಶಗಳಿಗಾಗಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಅದೇ ಚಿತ್ರವನ್ನು ಮತ್ತೆ ತೆಗೆಯುತ್ತಿದ್ದರು. ಡಬ್ಬಿಂಗ್ ಇನ್ನೂ ಪಳಗಿರಲಿಲ್ಲ. ಅರ್ಥ ಗೊತ್ತಿಲ್ಲದ ಮಾತನ್ನು ಉಚ್ಚಾರ ಕೇಳಿ ಕೇಳಿ ಬಾಯಿಪಾಠ ಮಾಡಿ ಒಪ್ಪಿಸಬೇಕು. ಒಂದೇ ಬೀಳುವಿಕೆ, ಮತ್ತೆ ಮತ್ತೆ. ಆಮೇಲೆ ಬೇಸ್‌ಬಾಲ್ ಆಡಲು ಯಾವ ಟೈಮು?

ಪಾತ್ರವೂ ಬದಲಾಯಿತು. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಮೂಕಿ ಚಿತ್ರಗಳ ಕೀಟನ್ ಶುರುವಿನಲ್ಲಿ ಪೆದ್ದನ ಹಾಗೆ ಕಂಡರೂ ಅರ್ಧಕ್ಕೆ ಬರುವಷ್ಟರಲ್ಲಿ ರೈಲು, ಹಡಗು, ಬಿರುಗಾಳಿ ಎಲ್ಲವನ್ನೂ ಪಳಗಿಸಿಕೊಳ್ಳುತ್ತಾನೆ. ಎಂಜಿಎಂ ಅವನಿಗೆ ಎಲ್ಮರ್ ಅನ್ನುವ ಹೆಸರು ಕೊಟ್ಟು, ಚಿತ್ರದಿಂದ ಚಿತ್ರಕ್ಕೆ, ಅಯ್ಯೋ ಪಾಪ ಅನ್ನಿಸುವ ದಡ್ಡನನ್ನಾಗಿ ಮಾಡಿತು. ಬೀಳುತ್ತಾನೆ, ಏಳುವುದಿಲ್ಲ. ನೋಡಿ ನಗು ಬರುವುದಿಲ್ಲ, ಮುಜುಗರ ಆಗುತ್ತದೆ.

ಲಾಭವೇ ತೊಂದರೆ

ಇಲ್ಲೇ ಪ್ರಕರಣದ ಗಂಟು ಇರುವುದು. ಆ ಟಾಕಿಗಳು ಓಡಿದವು! 'ದಿ ಜನರಲ್' ಮುಳುಗಿತ್ತು. ಕೀಟನ್‌ಗೆ ಚೂರೂ ಇಷ್ಟವಿಲ್ಲದ, 1931ರ 'ಸೈಡ್‌ವಾಕ್ಸ್ ಆಫ್ ನ್ಯೂಯಾರ್ಕ್' ಚೆನ್ನಾಗಿ ದುಡ್ಡು ಮಾಡಿತು. ನೀವೇ ಸ್ಟುಡಿಯೋದ ಲೆಕ್ಕದವರ ಜಾಗದಲ್ಲಿ ಕೂತು ನೋಡಿ. ಅವನಿಷ್ಟದಂತೆ ಬಿಟ್ಟರೆ ನಷ್ಟ, ನಮ್ಮಿಷ್ಟದಂತೆ ಮಾಡಿಸಿದರೆ ಲಾಭ. ಅವನು ಬಂದು ಬೇರೆ ರೀತಿ ಮಾಡೋಣ ಅಂದರೆ ಯಾಕೆ ಕೇಳಬೇಕು? 1932ರಲ್ಲಿ ಸ್ಟುಡಿಯೋದ ಭಾರೀ ಚಿತ್ರ 'ಗ್ರಾಂಡ್ ಹೋಟೆಲ್' ಬಂದಾಗ, ಅದನ್ನೇ ಅಣಕಿಸುವ ಹಾಸ್ಯಚಿತ್ರ ಮಾಡೋಣ ಅಂತ ಅವನು ಪಾತ್ರವರ್ಗದ ಸಮೇತ ಯೋಚನೆ ಮಾಡಿ ತಂದ. ಆಗಲಿಲ್ಲ. ಕೊಟ್ಟದ್ದು ಜಿಮ್ಮಿ ಡುರಾಂಟೆ ಅನ್ನುವ ಮಾತಿನ ಮಲ್ಲನ ಜೊತೆ ಜೋಡಿ. ಡುರಾಂಟೆ ಬಾಯಿ ಮುಚ್ಚುವುದಿಲ್ಲ, ಕೀಟನ್ ಬಾಯಿ ತೆರೆಯುವುದಿಲ್ಲ.

ಕುಡಿತ ಜೋರಾದದ್ದು ಈ ವರ್ಷಗಳಲ್ಲೇ. ಮೊದಲೂ ಇತ್ತು, ಇಲ್ಲ ಅನ್ನುವಂತಿಲ್ಲ. ಆದರೆ ಎಂಟು ವರ್ಷ ಗೋಡೆ, ರೈಲು, ನೀರಿನ ಜೊತೆ ಜೀವದ ಆಟ ಆಡಿದವನು ಕೆಲಸ ತಪ್ಪಿಸಿದವನಲ್ಲ. ಈಗ ಸೆಟ್ಟಿಗೆ ಬರದೆ ಇರತೊಡಗಿದ. ಸ್ಟುಡಿಯೋಗೆ ಅದರಿಂದ ಬಿದ್ದ ನಷ್ಟ ನಿಜವಾದದ್ದು. ಅವನ ತಪ್ಪೂ ನಿಜವೇ. 1932ರಲ್ಲಿ ನಟಾಲಿ ವಿಚ್ಛೇದನ ತೆಗೆದುಕೊಂಡಳು. ಬೆವರ್ಲಿ ಹಿಲ್ಸ್‌ನ ಅರಮನೆಯಂಥ ಮನೆ ಹೋಯಿತು. ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಅನ್ನುವುದೂ ಹೋಗಿ ಟಾಲ್ಮಜ್ ಅಂತಾಯಿತು. 1933ರ ಫೆಬ್ರವರಿಯಲ್ಲಿ ಸ್ಟುಡಿಯೋದ ಯಜಮಾನ ಲೂಯಿಸ್ ಬಿ. ಮೇಯರ್ ಅವನನ್ನು ತೆಗೆದುಹಾಕಿದ.

100 ಡಾಲರ್

ಆಮೇಲಿನ ಕೆಲವು ವರ್ಷ ಸಣ್ಣ ಕಂಪನಿಗಳ ಎರಡು ರೀಲಿನ ಚಿತ್ರಗಳು. 1937ರಲ್ಲಿ ಎಂಜಿಎಂಗೆ ಗ್ಯಾಗ್‌ಮನ್ ಆಗಿ ವಾಪಸ್. 1940ರಲ್ಲಿ ಅದೇ ಸ್ಟುಡಿಯೋದಲ್ಲಿ ನರ್ತಕಿಯಾಗಿದ್ದ ಎಲಿನಾರ್ ನಾರಿಸ್ ಜೊತೆ ಮದುವೆ. ಅವಳು ಕೊನೆಯವರೆಗೂ ಜೊತೆಗಿದ್ದಳು, ಅವನ ಕುಡಿತವೂ ಹತೋಟಿಗೆ ಬಂತು. 1949ರಲ್ಲಿ ಒಂದು ದೊಡ್ಡ ಪತ್ರಿಕೆಯಲ್ಲಿ ಬಂದ ಲೇಖನ ಮೂಕಿ ಹಾಸ್ಯಗಾರರನ್ನು ಮತ್ತೆ ನೆನಪಿಸಿತು. ಹಳೆಯ ಮನೆಯನ್ನು ಕೊಂಡಿದ್ದ ನಟ ಜೇಮ್ಸ್ ಮೇಸನ್‌ಗೆ ಅಲ್ಲೇ ಬಿದ್ದಿದ್ದ ಕೀಟನ್ ಚಿತ್ರಗಳ ರೀಲುಗಳು ಸಿಕ್ಕವು. 1960ರಲ್ಲಿ ಗೌರವ ಆಸ್ಕರ್. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 1966ರ ಫೆಬ್ರವರಿ 1ರಂದು ತೀರಿಕೊಂಡ.

ನನಗೆ ಮಾತ್ರ ಇದೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು 1948ರ ಒಂದು ದೃಶ್ಯ. ಚಿತ್ರ 'ಎ ಸದರ್ನ್ ಯಾಂಕಿ', ನಾಯಕ ರೆಡ್ ಸ್ಕೆಲ್ಟನ್. ಅದೇ ಅಂತರ್ಯುದ್ಧದ ಕಥೆ. ಹಿಂದೆ 'ದಿ ಜನರಲ್' ತೆಗೆಯುವಾಗ ಕೀಟನ್ ಬಳಿ ಇದ್ದದ್ದು ಒಂದೇ ತಂಡದ ಸಿಪಾಯಿಗಳು. ಅವರಿಗೆ ಉತ್ತರದವರ ನೀಲಿ ಬಟ್ಟೆ ತೊಡಿಸಿ ಎಡದಿಂದ ಬಲಕ್ಕೆ ಓಡಿಸುವುದು, ದಕ್ಷಿಣದವರ ಬೂದು ಬಟ್ಟೆ ತೊಡಿಸಿ ಬಲದಿಂದ ಎಡಕ್ಕೆ ಓಡಿಸುವುದು, ಹೀಗೆ ಎರಡು ಸೈನ್ಯ ಮಾಡಿದ್ದ. ಈಗ ಗ್ಯಾಗ್‌ಮನ್‌ಗಳ ಕೋಣೆಯಲ್ಲಿ ಕೂತು ಅವನು ಹೇಳಿಕೊಟ್ಟದ್ದು ಇದು: ಎರಡು ಸೈನ್ಯಗಳ ನಡುವೆ ಸ್ಕೆಲ್ಟನ್ ನಡೆದು ಬರುತ್ತಾನೆ. ಮೈಯ ಒಂದು ಪಕ್ಕಕ್ಕೆ ನೀಲಿ ಸಮವಸ್ತ್ರ, ಇನ್ನೊಂದು ಪಕ್ಕಕ್ಕೆ ಬೂದು. ಕೈಯಲ್ಲಿ ಒಂದೇ ಬಾವುಟ, ಆ ಕಡೆಗೆ ಒಂದು ಪಕ್ಷದ್ದು, ಈ ಕಡೆಗೆ ಇನ್ನೊಂದು ಪಕ್ಷದ್ದು. ಎರಡೂ ಕಡೆಯವರು ಗುಂಡು ಹಾರಿಸುವುದು ನಿಲ್ಲಿಸಿ ಜೈಕಾರ ಹಾಕುತ್ತಾರೆ. ಸ್ಕೆಲ್ಟನ್ ಎದೆ ಉಬ್ಬಿಸಿ ನಡೆಯುತ್ತಾನೆ. ಗಾಳಿ ಬೀಸುತ್ತದೆ, ಬಾವುಟ ತಿರುಗುತ್ತದೆ.

ಚಿತ್ರದಲ್ಲಿ ಎಲ್ಲರೂ ನೆನಪಿಟ್ಟುಕೊಂಡ ದೃಶ್ಯ ಅದು. ಹೆಸರುಗಳ ಪಟ್ಟಿಯಲ್ಲಿ ಕೀಟನ್ ಇಲ್ಲ.